ಅಣ್ಣಿಗೇರಿ ದಾಟಿದ ಮೇಲೆ ತುಂಡಾದ ಬೆಲ್ಟ್

ಗದಗದಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಅಣ್ಣಿಗೇರಿ ದಾಟಿ ಸ್ವಲ್ಪ ಮುಂದೆ ಬರುತ್ತಿದ್ದಂತೆ ಎಂಜಿನ್ ಟಕ್ ಅಂದು ಸುಮ್ಮನಾಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ಸ್ಟೀರಿಂಗ್ ಬಿಗಿಯಾಯಿತು, ಬ್ರೇಕ್ ಗಟ್ಟಿಯಾಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ.

ಸೆಲ್ಫ್ ಹೊಡೆದರೆ ಸ್ಟಾರ್ಟರ್ ಯಾವತ್ತಿಗಿಂತ ಸಲೀಸಾಗಿ ಗಿರ್ರನೆ ತಿರುಗಿತು. ಪರಿಚಯದ ಮೇಸ್ತ್ರಿ ಆ ಸದ್ದನ್ನು ಫೋನಿನಲ್ಲೇ ಕೇಳಿ, "ಕಂಪ್ರೆಶನ್ನs ಇಲ್ರಿ. ಟೈಮಿಂಗ್ ಬೆಲ್ಟ್ ಹೋಗೇತಿ. ಇನ್ನ ಸೆಲ್ಫ್ ಹೊಡೀಬ್ಯಾಡ್ರಿ" ಅಂದರು. ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುತ್ತಿಲ್ಲ, ಅದಕ್ಕೇ ತಡೆಯಿಲ್ಲದೆ ತಿರುಗುತ್ತಿದೆ ಅಂತ ಅರ್ಥ.

ಪಿಸ್ಟನ್‌ಗಳಿಗೆ ಜೋಡಿಸಿದ ದಂಡ ಕ್ರ್ಯಾಂಕ್, ಗಾಳಿ-ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. ಆ ಲೆಕ್ಕ ತಪ್ಪದಂತೆ ಹಿಡಿದಿರುವುದು ಈ ಹಲ್ಲಿನ ರಬ್ಬರ್ ಬೆಲ್ಟು. ಅದು ಹರಿದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದುಕೊಂಡಿದ್ದ ವಾಲ್ವ್‌ಗಳಿಗೆ ಬಂದು ಗುದ್ದುತ್ತದೆ. ಕೆಲವು ಎಂಜಿನ್‌ಗಳಲ್ಲಿ ನಡುವೆ ಸಾಕಷ್ಟು ಜಾಗ ಇರುತ್ತದೆ, ಬೆಲ್ಟ್ ಹಾಕಿದರೆ ಮುಗೀತು. ನಮ್ಮ ಡೀಸೆಲ್ ಗಾಡಿಗೆ ಆ ಭಾಗ್ಯ ಇರಲಿಲ್ಲ.

ಗೋಕುಲ ರಸ್ತೆಯ ಒಂದು ಗ್ಯಾರೇಜಿಗೆ ಎಳೆಸಿದೆವು. ಅವರು ಏನನ್ನೂ ಬಿಚ್ಚದೆ, ಹಳೇ ಎಂಜಿನ್ ತರಿಸಿ ಕೂಡಿಸೋಣ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಆ ಎಂಜಿನ್ನಿನ ಬೆಲ್ಟ್ ಎಷ್ಟು ಓಡಿದೆ ಅಂತ ಯಾರಿಗೆ ಗೊತ್ತು? ಗಾಡಿಯನ್ನು ಫೋನಿನಲ್ಲಿ ಮಾತಾಡಿದ ಮೇಸ್ತ್ರಿ ಕಡೆಗೇ ಒಯ್ದೆ. "ಹೆಡ್ ಎತ್ತದs ಏನೂ ಹೇಳಾಕ ಬರಂಗಿಲ್ರಿ" ಅನ್ನುವುದು ಅವರ ಕಟ್ಟುನಿಟ್ಟು. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ.

ಹೆಡ್ ಎತ್ತಿದಾಗ ಪಿಸ್ಟನ್ನುಗಳ ತಲೆಯ ಮೇಲೆ ಉಗುರು ಊರಿದ ಹಾಗೆ ಅರ್ಧಚಂದ್ರದ ಗುರುತುಗಳು. ವಾಲ್ವ್‌ಗಳು ಸೊಟ್ಟಗಾಗಿದ್ದವು. ಆದರೆ ಪಿಸ್ಟನ್ ಸೀಳಿರಲಿಲ್ಲ. ಒಂದೊಂದನ್ನೂ ಪೂರ್ತಿ ಮೇಲಕ್ಕೆ ತಂದು ಎತ್ತರ ಅಳೆದರು. ಕಡಿಮೆ ಬಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿದೆ ಎಂದರ್ಥ. ನಾಲ್ಕೂ ಸಮ ಬಂದವು.

ಬೆಲ್ಟ್ ಯಾಕೆ ಹರಿಯಿತು? ಗಾಡಿಯ ಹಿಂದಿನ ಮಾಲೀಕರು ಅದನ್ನು ಬದಲಿಸಿದ್ದರು, ಬಿಲ್ಲೂ ಇತ್ತು. ಅದೇ ಬೆಲ್ಟ್ ತಿರುಗಿಸುವ ವಾಟರ್ ಪಂಪ್ ಮಾತ್ರ ಹಳೆಯದು. ಅದರ ಬೇರಿಂಗ್ ಜಾಮ್ ಆಗಿ, ಬೆಲ್ಟಿನ ಹಲ್ಲು ಸವರಿಕೊಂಡು ಹೋಗಿ ಬೆಲ್ಟ್ ತುಂಡಾಗಿತ್ತು. ಪಂಪಿನ ಸುತ್ತ ಕೂಲಂಟ್ ಸೋರಿ ಒಣಗಿದ ಬಿಳಿ ಕಲೆ ಬೇರೆ. ಎಲ್ಲ ಬಿಚ್ಚಿದ ಮೇಲೆ ಪಂಪು, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಬಿಟ್ಟು ಬರೀ ಬೆಲ್ಟ್ ಹಾಕುವುದು ಉಳಿತಾಯ ಅಲ್ವೇ ಅಲ್ಲ.

ಹೆಡ್ ಲೇತ್‌ಗೆ ಹೋಗಿ ಬಂತು. ಹೊಸ ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಕೂಡಿಸಿ, ಹೆಡ್ಡಿನ ಗಾಳಿದಾರಿಗಳಾದ ಪೋರ್ಟುಗಳಿಗೆ ಸೀಮೆಎಣ್ಣೆ ಸುರಿದು ಚಹಾಕ್ಕೆ ಹೋದೆವು. ತಿರುಗಿ ಬಂದಾಗ ಒಂದು ವಾಲ್ವಿನ ಅಂಚು ಮಾತ್ರ ಒದ್ದೆ, ಅಂದರೆ ಅಲ್ಲಿ ಸೋರುತ್ತಿತ್ತು. ಅದನ್ನು ತೆಗೆದು ಮತ್ತೆ ಉಜ್ಜಿದರು. ನಾನು ಸಾಕು ಅನ್ನುತ್ತಿದ್ದೆನೇನೋ, ಅವರು ಅನ್ನಲಿಲ್ಲ.

ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟು, ಮಾರ್ಕಿಗೆ ಮಾರ್ಕ್ ಕೂಡಿಸಿ ಬೆಲ್ಟು. ತಕ್ಷಣ ಸೆಲ್ಫ್ ಹೊಡೆಯಲಿಲ್ಲ. ಕ್ರ್ಯಾಂಕಿಗೆ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಚಾವಿ ನನ್ನ ಕೈಗೆ ಕೊಟ್ಟರು. ಬಿಲ್ಲು ಮೊದಲ ಗ್ಯಾರೇಜಿನವರು ಹೇಳಿದ್ದರ ಅರ್ಧಕ್ಕೂ ಕಡಿಮೆ ಬಂತು, ಹೊಸ ಪಂಪಿನ ದುಡ್ಡೂ ಸೇರಿ.