ಗಸ್ ಡೊರೇ ಎಸೆದಂಥ ಚೆಂಡು: ಈ ಸಲ ಹೊಲಿಗೆ ನಿಂತಿತು

ನೂರು ವರ್ಷದ ಹಿಂದೆ ಗಸ್ ಡೊರೇ ಎಂಬ ಆಟಗಾರ ಎಸೆದಂಥ ಅಮೆರಿಕನ್ ಫುಟ್‌ಬಾಲ್ ಚೆಂಡನ್ನು ನಾನೇ ಹೊಲಿಯುತ್ತಿದ್ದೇನೆ. ಕೊನೆಗೂ ಅದಕ್ಕೆ ಗಾಳಿ ತುಂಬಿದೆ, ಹೊಲಿಗೆ ಬಿಡಲಿಲ್ಲ! ಹೋದ ತಿಂಗಳು ಮಾಡಿದ್ದು ಪಂಪ್ ಹೊಡೆಯುವಾಗಲೇ ತುದಿಯಲ್ಲಿ ಬಿರಿದಿತ್ತು. ನಾಲ್ಕು ಚರ್ಮದ ತುಂಡುಗಳು ಸೇರುವ ಜಾಗ ಅದು, ಎಳೆತವೆಲ್ಲ ಅಲ್ಲೇ. ಈ ಸಲ ಮೇಣ ಹಚ್ಚಿದ ದಾರವನ್ನು ತುದಿಯಲ್ಲಿ ಎರಡೆರಡು ಸಲ ಹಾಯಿಸಿದೆ. ಒಳಮೈ ಮೇಲಾಗಿ ಹೊಲಿದು, ಚರ್ಮವನ್ನು ನೀರಿನಲ್ಲಿ ನೆನೆಸಿ, ಲೇಸ್ ಹಾಕುವ ಸೀಳಿನಿಂದ ಹೊರಮೈ ಎಳೆದೆ. ಅದಕ್ಕೇ ಒಂದು ಗಂಟೆ ಹಿಡಿಯಿತು. ಹೆಬ್ಬೆರಳು ಇನ್ನೂ ನೋಯುತ್ತಿದೆ.

ನೋಡುವುದಕ್ಕೆ ಸಿಪ್ಪೆ ಸುಲಿಯದ ಸಣ್ಣ ತೆಂಗಿನಕಾಯಿ ಹಾಗಿದೆ.

ನಾನು ಅನುಸರಿಸುತ್ತಿರುವುದು 1912ರ ನಿಯಮದ ಅಳತೆ. ನಡುವಿನ ಸುತ್ತಳತೆ 22½ರಿಂದ 23 ಇಂಚು ಇರಬೇಕು. ನನ್ನದು 23¼ ಬಂದಿದೆ, ಚರ್ಮ ಹಿಗ್ಗಿದೆ. ಈಗಿನ ಚೆಂಡು 21 ಇಂಚಿನ ಆಸುಪಾಸು. ಎರಡಿಂಚು ಏನು ಮಹಾ ಅನ್ನಿಸುತ್ತದೆ ಅಲ್ವಾ? ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ನನ್ನ ಬೆರಳು ಅರ್ಧ ಸುತ್ತೂ ಬರುವುದಿಲ್ಲ.

ಇಂಥದ್ದೇ ಚೆಂಡಿನಲ್ಲಿ ಡೊರೇ 1913ರ ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಅಲ್ಲಿನ ಸೇನಾ ಅಕಾಡೆಮಿಯ ಆರ್ಮಿ ತಂಡದ ವಿರುದ್ಧ 17 ಪಾಸ್ ಎಸೆದ, ಅಂದರೆ ಮುಂದೆ ಓಡುವ ಜೊತೆಗಾರನಿಗೆ ಚೆಂಡು ಎಸೆದ. 14 ಸರಿಯಾಗಿ ಕೈ ಸೇರಿದವು, ಒಟ್ಟು 243 ಯಾರ್ಡ್ ಮುನ್ನಡೆ. ಮಧ್ಯಂತರದಲ್ಲಿ 14-13 ಇದ್ದ ಆಟವನ್ನು ಅವನ ವಿಶ್ವವಿದ್ಯಾಲಯದ ತಂಡ ನೋಟರ್ ಡೇಮ್ 35-13ರಲ್ಲಿ ಗೆದ್ದಿತು. ಆಳು ದೊಡ್ಡವನೂ ಅಲ್ಲ: ಸುಮಾರು 5 ಅಡಿ 7 ಇಂಚು, 66 ಕಿಲೋ.

ಮುಂದಕ್ಕೆ ಎಸೆಯುವ ಪಾಸನ್ನು ಕಂಡುಹಿಡಿದವನೇ ಅವನು ಅಂತ ಹೇಳುವವರಿದ್ದಾರೆ. ಅದು ತಪ್ಪು. ಆ ಪಾಸ್‌ಗೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್ ತಂಡದ ಬ್ರಾಡ್‌ಬರಿ ರಾಬಿನ್ಸನ್ ಎಸೆದಿದ್ದ. ಆಗ ಚೆಂಡು ಇನ್ನೂ ದಪ್ಪ. 20 ಯಾರ್ಡ್ ಮೀರಬಾರದು ಎಂಬ ಮಿತಿಯೂ ಆಮೇಲೆ ಬಂದು, 1912ರಲ್ಲಿ ಹೋಯಿತು. ಚೆಂಡು ತೆಳುವಾದದ್ದೂ ಅದೇ ವರ್ಷ. ಆ ಬಾಗಿಲು ತೆರೆದ ಕೂಡಲೇ ನೋಟರ್ ಡೇಮ್ ಕೋಚ್ ಜೆಸ್ಸಿ ಹಾರ್ಪರ್ ಮತ್ತು ಅವನ ಹುಡುಗರು ಒಳಗೆ ನುಗ್ಗಿದರು. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಅದೂ ಸುಮ್ನೆ ನುಗ್ಗಿದ್ದಲ್ಲ. 1913ರ ಬೇಸಿಗೆಯಲ್ಲಿ ಡೊರೇ, ಅದೇ ತಂಡದ ಗೆಳೆಯ ನೂಟ್ ರಾಕ್ನಿ ಜೊತೆ ಓಹಾಯೋದ ಸೀಡರ್ ಪಾಯಿಂಟ್‌ಗೆ ಕೆಲಸಕ್ಕೆ ಹೋದ. ಬಿಡುವು ಸಿಕ್ಕಾಗಲೆಲ್ಲ ಈರಿ ಸರೋವರದ ಮರಳಿನ ಮೇಲೆ ಒಬ್ಬ ಎಸೆಯುವುದು, ಇನ್ನೊಬ್ಬ ಓಡುತ್ತಲೇ ಬರೀ ಕೈಯಲ್ಲಿ ಹಿಡಿಯುವುದು. ಮುಂದೆ ರಾಕ್ನಿ ಕೋಚ್ ಆಗಿ ಮನೆಮಾತಾದ. ಆ ಬೆಳಕಿನಲ್ಲಿ ಡೊರೇ ಹಿಂದೆ ಸರಿದುಬಿಟ್ಟ. ನನಗೆ ಇದು ಬೇಜಾರಿನ ವಿಷಯ. ಹಿಡಿದವನಷ್ಟೇ ಎಸೆದವನೂ ನೆನಪಿರಬೇಕು.

ಡೊರೇ ಹುಟ್ಟಿದ್ದು 1891ರಲ್ಲಿ, ವಿಸ್ಕಾನ್ಸಿನ್‌ನ ಚಿಪ್ಪೆವಾ ಫಾಲ್ಸ್‌ನಲ್ಲಿ. ಚಾರ್ಲ್ಸ್ ಅವನ ನಿಜವಾದ ಹೆಸರು. ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೋರೆಯ ಹೆಸರಿಗೆ ಹೋಲಿಸಿ ಗೆಳೆಯರು ‘ಗಸ್’ ಮಾಡಿದರಂತೆ. ಆಟ ಮುಗಿಸಿದ ಮೇಲೆ ಡುಬ್ಯೂಕ್, ಗೊನ್ಜಾಗಾ ಕಾಲೇಜುಗಳಲ್ಲಿ ಕೋಚ್. ಆಮೇಲೆ 1925ರಿಂದ 1942ರವರೆಗೆ ನಾನಿರುವ ಈ ಡೆಟ್ರಾಯಿಟ್‌ನ ವಿಶ್ವವಿದ್ಯಾಲಯದಲ್ಲಿ. 1928ರಲ್ಲಿ ಅವನ ತಂಡ ಆಡಿದ ಒಂಬತ್ತೂ ಆಟ ಗೆದ್ದಿತು. ನಂತರ ಐದು ವರ್ಷ ಇದೇ ಊರಿನ ವೃತ್ತಿಪರ ತಂಡ ಲಯನ್ಸ್‌ಗೆ ಕೋಚ್. 1954ರ ಜನವರಿಯಲ್ಲಿ ಇಲ್ಲೇ ಹತ್ತಿರದ ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ನನಗೆ ಅವನ ಹೆಸರು ಗೊತ್ತಿರಲಿಲ್ಲ. ಚೆಂಡಿನ ಕೆಲಸ ಶುರುವಾಗಿದ್ದೇ ಅದು ಗೊತ್ತಾದ ದಿನ.

ಭಾನುವಾರ ಹಿತ್ತಲಲ್ಲಿ ಎಸೆದು ನೋಡಿದೆ. ಅಂಗೈ ಮೇಲಿಟ್ಟು ತಳ್ಳಿದರೆ ಚೆಂಡು ಗಾಳಿಯಲ್ಲಿ ಮಗುಚಿಕೊಂಡು ಹೋಗುತ್ತದೆ. ಕೈಯನ್ನು ಹಿಂತುದಿಗೆ ಸರಿಸಿ, ಎರಡು ಬೆರಳು ಲೇಸ್ ಮೇಲಿಟ್ಟು, ಬಿಡುವಾಗ ಮಣಿಕಟ್ಟು ತಿರುಗಿಸಿದರೆ ಬೇರೆಯೇ ಕಥೆ. ಹತ್ತರಲ್ಲಿ ಮೂರು ಸಲ ಚೆನ್ನಾಗಿ ಸುತ್ತಿತು. ‘ಅಪ್ಪಾ, ಬುಗುರಿ ತರ ತಿರುಗ್ತು!’ ಅಂತ ಮಗಳು ಕೂಗಿದಳು. ಆಮೇಲೆ ತಾನೂ ಓಡಿ ಹಿಡಿಯುತ್ತೇನೆ ಅಂದಳು. ಇನ್ನೂ ಬಿಟ್ಟಿಲ್ಲ, ಚೆಂಡು ಅವಳಿಗೆ ಭಾರ ಜಾಸ್ತಿ.

ಮುಂದಿನ ವಾರ ಲೇಸ್ ಬಿಗಿ ಮಾಡಿ ಆ ಕಾಲಿಂಚು ಇಳಿಸಬೇಕು. ಆಮೇಲೆ ತೂಕ ನೋಡುವುದು.