ಹುಳು ತಿಂದ ಎಲೆಗಳೇ ಬೇಕು

ಕಲಾಸಂತೆಗಳು ಶುರುವಾಗುವ ಕಾಲ ಹತ್ತಿರ ಬಂದಿದೆ. ಈ ಸಲ ನನ್ನ ಮಳಿಗೆಯ ಗೋಡೆಗಳ ತುಂಬ ಎಲೆಗಳೇ ಇರಬೇಕು ಅಂತ ತೀರ್ಮಾನಿಸಿದ್ದೇನೆ. ಅದೂ ಎಂಥ ಎಲೆಗಳು? ಹುಳು ತಿಂದವು, ಅಂಚು ಹರಿದವು, ತೂತು ಬಿದ್ದವು.

ನಾನು ಮಾಡುವುದು ಸಯನೋಟೈಪ್. ಇದಕ್ಕೆ ಕ್ಯಾಮೆರಾ ಬೇಡ. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಡುತ್ತೇನೆ. ಬಿಸಿಲು ತಾಗಿದ ಜಾಗ ಗಾಢ ನೀಲಿಯಾಗುತ್ತದೆ. ಎಲೆಯ ಮರೆಯಲ್ಲಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಈ ವಿಧಾನ ಕಂಡುಹಿಡಿದರು. ಮರುವರ್ಷವೇ ಆನ್ನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲ ಪಾಚಿಗಳನ್ನು ಹೀಗೇ ಅಚ್ಚು ಹಾಕಿ ಪುಸ್ತಕವಾಗಿ ಹೊರತರತೊಡಗಿದರು. ಆಕೆಯ ಹಾಳೆಗಳನ್ನು ನೋಡಿದಾಗಲೆಲ್ಲ ನನಗೆ ಖುಷಿ ಕೊಡುವುದು ಒಂದು ಸಂಗತಿ. ಪಾಚಿ ಇದ್ದದ್ದು ಇದ್ದ ಹಾಗೇ ಬಂದಿದೆ. ಅದನ್ನು ಚಂದ ಮಾಡಲು ಯಾರೂ ಹೋಗಿಲ್ಲ.

ಮೊನ್ನೆ ಮೋಡವೇ ಇಲ್ಲದ ದಿನ ಸಿಗುವ ಲಕ್ಷಣ ಕಂಡಿತು. ಹಿಂದಿನ ರಾತ್ರಿಯೇ ಕಾಗದ ಸಿದ್ಧ ಮಾಡಿದೆ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಇವನ್ನು ಬೇರೆ ಬೇರೆ ಬಾಟಲಿಗಳಲ್ಲಿ ತಲಾ 100 ಮಿಲಿಲೀಟರ್ ದ್ರಾವಣ ಮಾಡಿಟ್ಟು, ಹಚ್ಚುವ ಹೊತ್ತಿಗೆ ಸಮಸಮ ಬೆರೆಸಬೇಕು. ಕುಂಚಕ್ಕೆ ಲೋಹದ ಪಟ್ಟಿ ಇರಬಾರದು, ಲೋಹ ತಾಗಿದರೆ ದ್ರಾವಣ ಕೆಡುತ್ತದೆ. ಮಂದ ಹಳದಿ ದೀಪದಲ್ಲಿ ಹಚ್ಚಿ, ಹಾಳೆಗಳನ್ನು ಕತ್ತಲಲ್ಲಿ ಒಣಗಲು ಬಿಟ್ಟೆ.

ಎಲೆಗಳು ಮೊದಲೇ ದಪ್ಪ ಪುಸ್ತಕಗಳ ಅಡಿ ಒಣಗಿ ಚಪ್ಪಟೆಯಾಗಿದ್ದವು. ಹಸಿ ಎಲೆಯೂ ಆಗುತ್ತದೆ, ಆದರೆ ಅದರ ತೇವಕ್ಕೆ ಕಾಗದದ ಮೇಲೆ ಕಲೆ ಏಳುತ್ತದೆ. ಕೆಲವರಿಗೆ ಆ ಕಲೆಯೇ ಇಷ್ಟ. ನನಗೆ ಈ ಸಲ ಗೆರೆಗಳು ಚೂಪಾಗಿ ಬರಬೇಕಿತ್ತು, ಯಾಕೆಂದರೆ ನನ್ನ ಕಣ್ಣೆಲ್ಲ ಒಂದು ಹುಳದ ಮೇಲಿತ್ತು.

ರೈತರು ರಂಗೋಲಿ ಹುಳ ಅಂತ ಕರೆಯುತ್ತಾರಲ್ಲ, ಅದೇ. ಎಲೆಯ ಮೇಲೆ ಬೆಳ್ಳಗೆ ಅಂಕುಡೊಂಕು ಗೆರೆ ಎಳೆದ ಹಾಗೆ ಕಾಣುತ್ತದೆ. ಮರಿಹುಳ ಎಲೆಯ ಮೇಲ್ಪದರ ಮತ್ತು ಕೆಳಪದರದ ನಡುವೆ ಇದ್ದುಕೊಂಡು ಒಳಗಿನ ಹಸಿರನ್ನಷ್ಟೇ ತಿನ್ನುತ್ತ ಸಾಗುತ್ತದೆ. ಮೊಟ್ಟೆಯೊಡೆದ ಜಾಗದಲ್ಲಿ ದಾರಿ ದಾರದಷ್ಟು ಸಣ್ಣ. ಹುಳ ಬೆಳೆದ ಹಾಗೆ ದಾರಿಯೂ ಅಗಲವಾಗುತ್ತದೆ. ಅದರ ಬಾಲ್ಯವೆಲ್ಲ ಅಲ್ಲೇ ಬರೆದಿಟ್ಟಿರುತ್ತದೆ! ಹಸಿರು ಹೋದ ಆ ದಾರಿಯಲ್ಲಿ ಉಳಿಯುವುದು ತೆಳ್ಳಗಿನ ಪೊರೆ ಮಾತ್ರ. ಅಂದ ಮೇಲೆ ಅಲ್ಲಿ ಬೆಳಕು ದಾಟಲೇಬೇಕು, ಅಲ್ವಾ? ಬಿಳಿ ಎಲೆಯೊಳಗೆ ನೀಲಿ ದಾರಿ ಮೂಡಲೇಬೇಕು. ಈ ಆಸೆಯಿಂದಲೇ ನಾನು ಇಡೀ ಮಳೆಗಾಲ ಎಲೆ ಕೂಡಿಟ್ಟಿದ್ದು.

ಬಿಸಿಲು ಏರಿದ ಮೇಲೆ ಮೊದಲ ಹಾಳೆ ಹೊರಗಿಟ್ಟೆ. ಹಳದಿ ಮಿಶ್ರಿತ ಹಸಿರಾಗಿದ್ದ ಲೇಪ ಮೊದಲು ನೀಲಿಗೆ ತಿರುಗಿತು, ಆಮೇಲೆ ಬೂದಿ ಬಣ್ಣಕ್ಕೆ ಬಂತು. ಹೊಸಬರು ನೀಲಿ ಕಂಡ ಕೂಡಲೇ ಎತ್ತಿಬಿಡುತ್ತಾರೆ. ಹಾಗೆ ಎತ್ತಬಾರದು, ಬೂದಿ ಬಣ್ಣ ಬರುವವರೆಗೆ ತಾಳ್ಮೆ ಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕಬ್ಬಿಣದ ಸ್ವಭಾವ ಬದಲಿಸುತ್ತದೆ. ಬದಲಾದ ಕಬ್ಬಿಣ ಫೆರಿಸಯನೈಡ್ ಜೊತೆ ಸೇರಿ ಪ್ರಷ್ಯನ್ ನೀಲಿಯಾಗುತ್ತದೆ. ಇದು ನೀರಿಗೆ ಕರಗದ ಬಣ್ಣ. ಬದಲಾಗದೆ ಉಳಿದ ಲೇಪವನ್ನು ನೀರು ತೊಳೆದುಕೊಂಡು ಹೋಗುತ್ತದೆ.

ತಟ್ಟೆಯ ನೀರಿನಲ್ಲಿ ಹಾಳೆ ಅದ್ದಿದೆ. ಹಳದಿ ನೀರು ಹರಿದು ಹೋಯಿತು. ಎಲೆ ಬೆಳ್ಳಗೆ ಎದ್ದು ಬಂತು, ಅದರೊಳಗೆ ಆ ದಾರಿ. ಸಣ್ಣಗೆ ಶುರುವಾಗಿ, ನಡುನರದ ಹತ್ತಿರ ಬಂದು, ದಾಟಲಾರದೆ ತಿರುಗಿ, ಅಂಚಿನುದ್ದಕ್ಕೂ ಸಾಗಿ ಅಗಲವಾಗಿ ನಿಂತಿತ್ತು. ನಾನು ಎಣಿಸದೇ ಇದ್ದದ್ದೂ ಒಂದು ಬಂದಿತ್ತು. ನೀಲಿ ದಾರಿಯ ನಟ್ಟನಡುವೆ ಬಿಳಿ ಚುಕ್ಕೆಗಳ ಸಾಲು! ಅದು ಹುಳದ ಹಿಕ್ಕೆ. ಬೆಳಕನ್ನು ತಡೆದು ತನ್ನ ಗುರುತನ್ನೂ ಬಿಟ್ಟಿತ್ತು. ಒದ್ದೆ ಕೈಯಲ್ಲೇ ನಿಂತು ಎಷ್ಟು ಹೊತ್ತು ನೋಡಿದೆನೋ. ಇಂಥ ಗೆರೆ ನನ್ನ ಕೈಯಿಂದ ಎಂದಿಗೂ ಬರುವಂಥದ್ದಲ್ಲ.

ಆಮೇಲೆ ಗುಲಾಬಿ ಎಲೆಗಳು. ಎಲೆ ಕತ್ತರಿಸುವ ಜೇನುಹುಳ ಅಂಚಿನಲ್ಲಿ ಅರ್ಧಚಂದ್ರ ತೆಗೆದುಕೊಂಡು ಹೋಗಿತ್ತು. ತನ್ನ ಮರಿಗಳ ಗೂಡಿಗೆ ಅದು ಆ ತುಂಡನ್ನು ಹಾಸುತ್ತದೆ. ಒಂದೊಂದು ಕಡಿತವೂ ಎಷ್ಟು ನಯ ಅಂದರೆ, ನೋಡಿದವರು ನಾನೇ ಕತ್ತರಿಸಿದ್ದು ಅಂದುಕೊಂಡಾರು.

ಸಂತೆಯ ಚಿಂತೆ ಇಲ್ಲ ಅಂತಲ್ಲ. ಜರಿಗಿಡದ ಮುದ್ರೆ ಯಾವಾಗಲೂ ಬೇಗ ಮಾರಾಟವಾಗುತ್ತದೆ. ಜರಿಯ ಎಲೆ ಎರಡೂ ಕಡೆ ಸಮ, ಯಾರ ಮನೆಯ ಗೋಡೆಗೂ ಒಪ್ಪುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡು ಅಂತ ಗೆಳೆಯರು ಹೇಳುತ್ತಾರೆ. ಮಳಿಗೆ ಅಂದರೆ ಸಾಮಾನ್ಯವಾಗಿ 10 ಅಡಿ ಉದ್ದ, 10 ಅಡಿ ಅಗಲ. ಸಿಗುವುದು ಮೂರೇ ಗೋಡೆ. ಅದರಲ್ಲಿ ಏನು ತೂಗುಹಾಕುತ್ತೇವೋ ಅದೇ ನಾವು ಹೇಳುವ ಮಾತು. ಪ್ರಕೃತಿಯ ಚಿತ್ರ ಅಂತ ಬರೆದು, ಒಂದು ಹುಳವೂ ಬಾಯಿ ಇಡದ ಎಲೆಯನ್ನೇ ತೋರಿಸಲು ನನಗೆ ಮನಸ್ಸಿಲ್ಲ. ಎಲೆ ಗಿಡಕ್ಕೆ ಮಾತ್ರ ಸೇರಿದ್ದಲ್ಲ. ಅದನ್ನು ತಿಂದವರನ್ನು, ಅದರಲ್ಲಿ ಬೆಳೆದವರನ್ನು ಬಿಟ್ಟರೆ ಉಳಿಯುವುದು ಬರೀ ಆಕಾರ. ಹಾಗಾಗಿ ಜರಿಗಿಡ ಸಣ್ಣ ಕಾರ್ಡುಗಳಲ್ಲಿ ಇರುತ್ತದೆ. ಗೋಡೆ ಮಾತ್ರ ಹುಳುಗಳದ್ದು.

ಬಣ್ಣ ಹೋಗುತ್ತಾ ಅಂತ ಕೇಳದ ಗ್ರಾಹಕರಿಲ್ಲ. ಇದಕ್ಕೆ ನಿಜವನ್ನೇ ಹೇಳುತ್ತೇನೆ. ನೇರ ಬಿಸಿಲಿಗಿಟ್ಟರೆ ಮಂಕಾಗುತ್ತದೆ. ಕೆಲಕಾಲ ಕತ್ತಲಲ್ಲಿಟ್ಟರೆ ಬಹುಪಾಲು ಮರಳಿ ಬರುತ್ತದೆ. ಪ್ರಷ್ಯನ್ ನೀಲಿಗೆ ಬಿಸಿಲಿಗಿಂತ ದೊಡ್ಡ ಶತ್ರು ಕ್ಷಾರ. ಚೌಕಟ್ಟಿನೊಳಗಿನ ರಟ್ಟಿಗೆ ಸುಣ್ಣದಂಶ ಸೇರಿಸಿದ್ದರೆ ಅದು ನೀಲಿಯನ್ನು ನಿಧಾನವಾಗಿ ತಿನ್ನುತ್ತದೆ. ಕಲಾಕೃತಿಗಳಿಗೆ ಒಳ್ಳೆಯದು ಅಂತ ಮಾರುವ ಎಷ್ಟೋ ರಟ್ಟುಗಳಲ್ಲಿ ಅದು ಇರುತ್ತದೆ. ನಾನು ಅದಿಲ್ಲದ ಹತ್ತಿಯ ರಟ್ಟನ್ನೇ ಹುಡುಕಿ ತಂದಿದ್ದೇನೆ. ಚೌಕಟ್ಟಿನ ಹಿಂದೆ ಈ ಎಚ್ಚರಿಕೆಯ ಚೀಟಿಯನ್ನೂ ಅಂಟಿಸುತ್ತೇನೆ.

ಕೃತಿಗಳ ಕೆಳಗೆ ಬರೆಯುವ ಹೆಸರು ಇನ್ನೂ ಪೂರ್ತಿಯಾಗಿಲ್ಲ. ಗಿಡದ ಹೆಸರಿನ ಪಕ್ಕ ಅದನ್ನು ತಿಂದ ಹುಳದ ಹೆಸರೂ ಇರಬೇಕು. ಕೆಲವು ಕಡಿತಗಳು ಯಾರದ್ದು ಅಂತ ಕೀಟಗಳನ್ನು ಬಲ್ಲವರಿಗೆ ಚಿತ್ರ ಕಳಿಸಿ ಕೇಳಿದ್ದೇನೆ. ಉತ್ತರ ಬಂದ ಮೇಲೆ ಚೀಟಿ ಬರೆಯಬೇಕು. ದೊಡ್ಡ ಹಾಳೆಯೊಂದು ಬಾಕಿ ಇದೆ. ಅದಕ್ಕೆ ಇನ್ನೊಂದು ಒಳ್ಳೆಯ ಬಿಸಿಲು ಬೇಕು.