ಮಲೆನಾಡಿನ ಮಳೆಯಲ್ಲಿ ದುಬಾರಿ ಸೈಕಲ್ ಪಾರ್ಟ್ಸ್: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಶಿವಮೊಗ್ಗದಲ್ಲಿ ಸೈಕಲ್ ರಿಪೇರಿ ಮಾಡುವವರಿಗೆ ಮಳೆಗಾಲದಲ್ಲಿ ಕೈತುಂಬ ಕೆಲಸ. ಮೃಗಶಿರಾ ಮುಗಿದು ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಕೆಮ್ಮಣ್ಣು ಮೆತ್ತಿದ ಸೈಕಲ್‌ಗಳು ಅಂಗಡಿ ಮುಂದೆ ಸಾಲಾಗಿ ನಿಲ್ಲುತ್ತವೆ. ಅದರಲ್ಲಿ ಹತ್ತು ಸಾವಿರದ್ದೂ ಇರುತ್ತದೆ, ಲಕ್ಷ ದಾಟಿದ್ದೂ ಇರುತ್ತದೆ. ಎರಡನ್ನೂ ಬಿಚ್ಚುವುದು ನಾನೇ. ಹಾಗಾಗಿ "ಅಣ್ಣ, ಜಾಸ್ತಿ ದುಡ್ಡು ಕೊಟ್ಟು ಒಳ್ಳೇ ಪಾರ್ಟ್ಸ್ ಹಾಕಿಸಿದರೆ ಪ್ರಯೋಜನ ಇದೆಯಾ?" ಎಂದು ಕೇಳಿದವರಿಗೆ ನಾನು ಬಿಚ್ಚಿದಾಗ ಒಳಗೆ ಕಂಡಿದ್ದನ್ನೇ ಹೇಳುತ್ತೇನೆ.

ಪ್ರಯೋಜನ ಇದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ತೀರಾ ಅಗ್ಗದ್ದನ್ನು ಬಿಟ್ಟು ನಡು ದರ್ಜೆಗೆ ಹೋದರೆ ಕೊಟ್ಟ ದುಡ್ಡಿಗೆ ಬಾಳಿಕೆ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಹೋದಷ್ಟೂ ಮುಖ್ಯವಾಗಿ ತೂಕ ಇಳಿಯುತ್ತದೆ. ನಮ್ಮ ಮಳೆ, ಮಣ್ಣು ಆ ಹಗುರ ಪಾರ್ಟ್ಸನ್ನೂ ಬಿಡುವುದಿಲ್ಲ.

ಹಿಂದಿನ ಚಕ್ರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಹೊರಗಿನಿಂದ ಕಾಣುವುದಿಲ್ಲ. ಅಗ್ಗದ ಗೇರ್ ಸೈಕಲ್‌ಗಳಲ್ಲಿ ಫ್ರೀವೀಲ್ ಇರುತ್ತದೆ. ಹಲ್ಲುಚಕ್ರಗಳ ಗುಂಪನ್ನು ಇಡಿಯಾಗಿ ಹಬ್ಬಿಗೆ, ಅಂದರೆ ಚಕ್ರದ ನಡುಭಾಗಕ್ಕೆ, ತಿರುಪಿ ಕೂರಿಸಿರುತ್ತಾರೆ. ಬಲಗಡೆಯ ಬಾಲ್ಸ್, ಅಂದರೆ ಬೇರಿಂಗಿನ ಗುಂಡುಗಳು, ಕೂರುವುದು ಆ ಗುಂಪಿಗಿಂತ ಒಳಗೆ. ಅಲ್ಲಿಂದ ಫ್ರೇಮ್‌ವರೆಗೆ ಆಕ್ಸಲ್‌ಗೆ, ಅಂದರೆ ಚಕ್ರದ ಅಚ್ಚಿಗೆ, ಯಾವ ಆಸರೆಯೂ ಇಲ್ಲ. ಗೇರು ಹೆಚ್ಚಾದಷ್ಟೂ ಆ ಚಾಚು ಉದ್ದ. ಸಾಗರದ ಕಡೆಯಿಂದ ಒಬ್ಬರು ಅಂಥ ಸೈಕಲ್ ತಂದಿದ್ದರು. ಹಿಂದೆ ಕ್ಯಾರಿಯರ್, ಅದರ ಮೇಲೆ ದಿನಾ ಭಾರ. "ಚಕ್ರ ಓಲಾಡ್ತಿದೆ, ಬೆಂಡ್ ತೆಗೆದುಕೊಡಿ" ಎಂದರು. ರಿಮ್ ತಿರುಗಿಸಿ ನೋಡಿದೆ, ನೆಟ್ಟಗೇ ಇತ್ತು. ಆಕ್ಸಲ್ ಹೊರಗೆಳೆದು ಗಾಜಿನ ಹಲಗೆ ಮೇಲೆ ಉರುಳಿಸಿದೆ. ಪ್ರತಿ ಸುತ್ತಿಗೂ ಅಡಿಯಲ್ಲಿ ಬೆಳಕಿನ ಗೆರೆ ಬಂದು ಹೋಗುತ್ತಿತ್ತು. ಆಕ್ಸಲ್ ಬಾಗಿತ್ತು. ಬಲಗಡೆಯ ಕೋನ್, ಅಂದರೆ ಬಾಲ್ಸ್ ಒರಗಿ ಓಡುವ ನಟ್ಟು, ಒಂದೇ ಪಕ್ಕ ತೇದು ಗುಳಿ ಬಿದ್ದಿತ್ತು.

ಕ್ಯಾಸೆಟ್ ಅಂದರೆ ಹಬ್ಬಿಗೆ ತಿರುಪದೆ ಪಕ್ಕದಿಂದ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು. ಕ್ಯಾಸೆಟ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹೊರತುದಿಗೆ, ಫ್ರೇಮ್‌ಗೆ ಹತ್ತಿರ ಬರುತ್ತದೆ. ಅದೇ ಭಾರ ಹೊತ್ತು ಅದೇ ಗುಂಡಿ ಹಾರಿಸಿದರೂ ಆಕ್ಸಲ್ ಸುಲಭಕ್ಕೆ ಬಾಗುವುದಿಲ್ಲ. ಅವರಿಗೆ ಮತ್ತೊಂದು ಆಕ್ಸಲ್ ಹಾಕುವ ಬದಲು ಕ್ಯಾಸೆಟ್ ಹಬ್ಬಿರುವ ಚಕ್ರವನ್ನೇ ಹಾಕಿಸಿಕೊಳ್ಳಿ ಎಂದೆ. ಖರ್ಚು ಜಾಸ್ತಿಯೇ. ಆದರೆ ಹಳೇ 7 ಗೇರಿನ ಶಿಫ್ಟರ್ ಬದಲಿಸಬೇಕಾಗಿಲ್ಲ. 7 ಗೇರಿನ ಕ್ಯಾಸೆಟ್ ಹಿಂದೆ 4.5 ಮಿಲಿಮೀಟರಿನ ಸ್ಪೇಸರ್ ಇಟ್ಟರೆ 8-9 ಗೇರಿನ ಹಬ್ಬಿನ ಮೇಲೆ ಸರಿಯಾಗಿ ಕೂರುತ್ತದೆ. ಭಾರ ಹೇರುವವರಿಗೆ, ಮಣ್ಣುರಸ್ತೆಯಲ್ಲಿ ಓಡಾಡುವವರಿಗೆ ಈ ಖರ್ಚು ಮಾಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಪೆಡಲ್ ನಡುವಿನ ಬಿಬಿ (ಬಾಟಮ್ ಬ್ರಾಕೆಟ್, ಪೆಡಲ್ ತಿರುಗಿಸುವ ಅಚ್ಚಿನ ಬೇರಿಂಗ್) ಕೂಡ ಹಾಗೇ. ಬಿಡಿ ಬಾಲ್ಸ್ ಹಾಕಿದ್ದರೊಳಗೆ ಮಳೆನೀರು ಇಳಿದು ಗ್ರೀಸ್ ತೊಳೆದುಹೋಗುತ್ತದೆ. ಬೇರಿಂಗನ್ನು ಒಳಗೇ ಮುಚ್ಚಿಟ್ಟ ಸೀಲ್ಡ್ ಕಾರ್ಟ್ರಿಜ್ ಸ್ವಲ್ಪವೇ ಜಾಸ್ತಿ ಬೆಲೆ, ಅದನ್ನೇ ಹಾಕಿಸಿ. ಗೇರ್ ಕೇಬಲ್ ಸ್ಟೇನ್‌ಲೆಸ್ ಇರಲಿ. ಗೇರು ಸರಿಯಾಗಿ ಬೀಳ್ತಿಲ್ಲ ಎಂದು ಹೊಸ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೊಳ್ಳಲು ಬಂದವರ ಸೈಕಲ್ಲಲ್ಲಿ ಎಷ್ಟೋ ಸಲ ತಪ್ಪು ಇರುವುದು ತುಕ್ಕು ಹಿಡಿದ ಕೇಬಲ್ಲಲ್ಲಿ. ಕೇಬಲ್, ಅದರ ಹೊರಕವಚವಾದ ಔಟರ್ ಬದಲಿಸಿದರೆ ಹಳೇ ಡಿರೇಲರೇ ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ಮೇಲಿನ ದರ್ಜೆಗೆ ಬರೋಣ. ಸೈಕಲ್ ಪಾರ್ಟ್ಸ್ ಮಾಡುವ ಶಿಮಾನೋ ಕಂಪನಿಯ ರೋಡ್ ಸೈಕಲ್ ಗೇರ್-ಬ್ರೇಕ್ ಸೆಟ್ಟುಗಳ ಬಹುಕಾಲದ ಮೆಟ್ಟಿಲು, ಕೆಳಗಿನಿಂದ ಮೇಲಕ್ಕೆ, ಹೀಗೆ: ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯುರಾ-ಏಸ್. 11 ಗೇರಿನ 105 ಸೆಟ್ಟಿಗೂ ಡ್ಯುರಾ-ಏಸ್ ಸೆಟ್ಟಿಗೂ ತೂಕದಲ್ಲಿ ವ್ಯತ್ಯಾಸ ಸುಮಾರು ಅರ್ಧ ಕೆಜಿ. ಬೆಲೆ ಮಾತ್ರ ಎರಡು-ಮೂರು ಪಟ್ಟು. ಸೈಕಲ್ಲು, ಸವಾರ ಸೇರಿ 85 ಕೆಜಿ ಅಂದುಕೊಳ್ಳಿ. ಅದರಲ್ಲಿ ಅರ್ಧ ಕೆಜಿ ಅಂದರೆ 0.6% ಕೂಡ ಇಲ್ಲ. ಒಂದು ಗಂಟೆ ಹತ್ತುವ ಏರಿನಲ್ಲಿ ಉಳಿಯುವುದು ಸುಮಾರು 20 ಸೆಕೆಂಡು. ರೇಸಿನಲ್ಲಿ ಅದು ದೊಡ್ಡದು, ಗೆಲ್ಲುವವರಿಗೆ ಅದು ಬೇಕೇ ಬೇಕು. ಭಾನುವಾರ ಮಂಡಗದ್ದೆ ಮುಟ್ಟಿ ಬರುವವರಿಗೆ ಒಂದು ಬಾಟಲಿ ನೀರು ಅದಕ್ಕಿಂತ ಭಾರ, ಅಲ್ವಾ?

ದುಬಾರಿಯದ್ದು ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಡ್ಯುರಾ-ಏಸ್ ಕ್ಯಾಸೆಟ್ಟಿನ ದೊಡ್ಡ ಹಲ್ಲುಚಕ್ರಗಳು ಟೈಟಾನಿಯಮ್ಮಿನವು. ಅದು ಹಗುರ, ಆದರೆ ಉಕ್ಕಿಗಿಂತ ಬೇಗ ತೇಯುತ್ತದೆ. ಏರು ಹತ್ತುವಾಗ ಬಳಸುವುದು ಆ ದೊಡ್ಡ ಚಕ್ರಗಳನ್ನೇ. ಕೆಮ್ಮಣ್ಣಿನ ಕೆಸರು ಚೈನಿನ ಎಣ್ಣೆಗೆ ಸೇರಿದರೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ, ಯಾವ ದರ್ಜೆಯದ್ದು ಎಂದು ನೋಡುವುದಿಲ್ಲ. 105ರ ಉಕ್ಕಿನ ಕ್ಯಾಸೆಟ್ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಹೊಸ ಸೌಕರ್ಯಗಳೂ ಮೇಲಿನಿಂದ ಕೆಳಗೆ ಬೇಗ ಇಳಿಯುತ್ತವೆ. 2021ರಲ್ಲಿ ಡ್ಯುರಾ-ಏಸ್‌ಗೆ ಬಂದ 12 ಗೇರು 2023ಕ್ಕೆ ಕೇಬಲ್ಲಿಂದ ಗೇರು ಬದಲಾಗುವ 105ಕ್ಕೂ ಬಂತು.

ಬಾಳಿಕೆ ಬೇಕಿದ್ದರೆ ಚೈನ್ ಅಳೆಯಿರಿ. ಉಕ್ಕಿನ ಸ್ಕೇಲ್ ಒಂದು ಸಾಕು. ಒಂದೊಂದು ಕೊಂಡಿ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, 24 ಕೊಂಡಿ ದಾಟಿದ ಪಿನ್ನು ಎಲ್ಲಿದೆ ನೋಡಿ. 12 ಇಂಚಿನಿಂದ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಆಗುವ ತನಕ ಬಿಟ್ಟರೆ ಕ್ಯಾಸೆಟ್ಟೂ ಹೋಗಿರುತ್ತದೆ. ನಡು ದರ್ಜೆಯ ಚೈನನ್ನು ಸಮಯಕ್ಕೆ ಬದಲಿಸುವವರ ಹಲ್ಲುಚಕ್ರಗಳು, ದುಬಾರಿ ಚೈನ್ ಹಾಕಿ ಮರೆತವರ ಹಲ್ಲುಚಕ್ರಗಳಿಗಿಂತ ಎಷ್ಟೋ ಚೆನ್ನಾಗಿರುತ್ತವೆ. ಇದನ್ನು ದಿನಾ ನೋಡುತ್ತೇನೆ.

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು, ಅದಕ್ಕೆ ಅಲ್ಟೆಗ್ರಾ ಡಿರೇಲರ್ ಹಾಕಿ ಎಂದು ಒಬ್ಬ ಹುಡುಗ ಕೇಳಿದ. ಅವನ ಸೈಕಲ್ಲಲ್ಲಿ ಮುಂದೆ ಚಿಕ್ಕದು 34 ಹಲ್ಲು, ಹಿಂದೆ ದೊಡ್ಡದು 28. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 1.2 ಸುತ್ತು. ಹಿಂದೆ 34 ಹಲ್ಲಿನದ್ದು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಕಾಲಿನ ಭಾರ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಯಾವ ಹಗುರ ಡಿರೇಲರ್ರೂ ಅಷ್ಟು ಕೊಡುವುದಿಲ್ಲ. ಅಷ್ಟು ದೊಡ್ಡದನ್ನು ಅವನ ಡಿರೇಲರ್ ನಿಭಾಯಿಸುತ್ತದಾ ಎಂದು ನೋಡಿಕೊಂಡು ಕ್ಯಾಸೆಟ್ ಮಾತ್ರ ಬದಲಿಸಿದೆ. ಉಳಿದ ದುಡ್ಡಲ್ಲಿ ಅಗಲದ ಒಳ್ಳೇ ಟೈರ್ ಹಾಕಿಸಿಕೊಂಡ. ಪಾಚಿ ಕಟ್ಟಿದ ಕಾಂಕ್ರೀಟ್ ರಸ್ತೆ ಮೇಲೆ ಗಾಳಿ ಸ್ವಲ್ಪ ಕಡಿಮೆ ಇಟ್ಟು ಓಡಿಸಬಹುದಾದ ಟೈರು ಮಲೆನಾಡಿಗೆ ಎಲ್ಲಕ್ಕಿಂತ ಮೊದಲ ಖರ್ಚು.

ಇನ್ನು ಬ್ರೇಕ್. ಆಗುಂಬೆಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುವವರು ಇಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ತೇದಂತೆ ನೀವೇ ಬಿಗಿ ಮಾಡುತ್ತಿರಬೇಕು. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ಕಿನಲ್ಲಿ ಅದು ತಾನಾಗಿ ಸರಿಹೋಗುತ್ತದೆ, ಒಂದು ಬೆರಳಲ್ಲೇ ಹಿಡಿಯುತ್ತದೆ. ಶಿಮಾನೋದ ಕೆಳದರ್ಜೆಯ ಹೈಡ್ರಾಲಿಕ್ ಎಂಟಿ200 ಕೂಡ ಈ ಕೆಲಸಕ್ಕೆ ಸಾಕು. ಆದರೆ ರೆಸಿನ್ ಪ್ಯಾಡುಗಳು ಮಳೆ, ಮಣ್ಣಿನಲ್ಲಿ ಬೇಗ ಕರಗುತ್ತವೆ. ಮೆಟಲ್ ಪ್ಯಾಡ್ ಹೆಚ್ಚು ತಾಳುತ್ತದೆ. ಅದನ್ನು ಕೊಳ್ಳುವ ಮೊದಲು ರೋಟರ್ (ಪ್ಯಾಡ್ ಹಿಡಿಯುವ ಬಿಲ್ಲೆ) ಮೇಲೆ ಅಚ್ಚಾಗಿರುವುದನ್ನು ಓದಿ. 'ರೆಸಿನ್ ಪ್ಯಾಡ್ ಓನ್ಲಿ' ಎಂದಿದ್ದರೆ ಮೆಟಲ್ ಪ್ಯಾಡ್ ಹಾಕಲೇಬೇಡಿ. ರೋಟರ್ ಬೇಗ ತೇದುಹೋಗುತ್ತದೆ, ಹಾಕಬೇಕೆಂದರೆ ರೋಟರನ್ನೂ ಬದಲಿಸಿ. ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟಿ ಇಳಿಯಲು ಹೋಗಬೇಡಿ. ಊರೊಳಗೆ ಸಪಾಟು ರಸ್ತೆಯಲ್ಲಿ ವೇಗ ಹಿಡಿದು, ಮೆಲ್ಲಗೆ ಬ್ರೇಕ್ ಒತ್ತಿ, ಪೂರ್ತಿ ನಿಲ್ಲುವ ಮೊದಲು ಬಿಡಿ. ಹೀಗೆ ಒಂದಿಪ್ಪತ್ತು ಸಲ ಮಾಡಿ, ಹಿಡಿತ ಗಟ್ಟಿಯಾದ ಮೇಲೆ ಹೊರಡಿ.